ಹೆಬ್ಬೆರಳಿನ ಪಟ್ಟಿ

ನವೆಂಬರ್ ೧೭, ಭಾನುವಾರ

ಅಮ್ಮನಿಗೆ ನನ್ನ ಹೆಬ್ಬೆರಳಿನ ಚಿಂತೆ ಹತ್ತಿದೆ. ಹತ್ತಿಸಿದವಳು ನಾನೇ.

ಓದಲೆಂದು ಈ ದೇಶಕ್ಕೆ ಬಂದು ಮೂರು ತಿಂಗಳಾಯಿತು. ಸುತ್ತಾಡಲು ಹೋಗಿದ್ದು ಒಂದೇ ಒಂದು ಶನಿವಾರ. ಅವತ್ತು ಚೀಲದಲ್ಲಿ ಐದು ಸ್ವೆಟರ್ ತುಂಬಿಕೊಂಡು ಹೋಗಿದ್ದೆ. ಸೇತುವೆ, ಕೆರೆ, ಮ್ಯೂಸಿಯಂ ಮೆಟ್ಟಿಲು, ಎಲ್ಲ ಕಡೆ ಮೊಬೈಲನ್ನು ಗೋಡೆಗೆ ಆನಿಸಿಟ್ಟು ಒಬ್ಬಳೇ ಫೋಟೊ ತೆಗೆದುಕೊಂಡೆ. ವಾರಕ್ಕೊಂದರಂತೆ ಮನೆಗೆ ಕಳಿಸುತ್ತ ಬಂದೆ. ಗೆಳತಿಯರು ತೆಗೆದದ್ದು ಅಂದೆ. ಮಗಳು ರೂಮಿನಲ್ಲಿ ಒಬ್ಬಳೇ ಕೊಳೆಯುತ್ತಿಲ್ಲವಲ್ಲ ಎಂದು ಅಮ್ಮ ನೆಮ್ಮದಿಯಾಗಿದ್ದಳು.

ಸ್ವೆಟರ್ ಬದಲಿಸಿದ ಜಾಣೆ ಬೆರಳಿಗೆ ಸುತ್ತಿದ್ದ ಗಾಯದ ಪಟ್ಟಿಯನ್ನು ಮರೆತಿದ್ದೆ. ಆ ಶನಿವಾರದ ಹಿಂದಿನ ದಿನ ಡಬ್ಬಿಯ ಮುಚ್ಚಳ ಹೆಬ್ಬೆರಳನ್ನು ಕೊಯ್ದಿತ್ತು. ಐದೂ ಫೋಟೊಗಳಲ್ಲಿ ಅದೇ ಪಟ್ಟಿ.

ಇವತ್ತು ಐದನೆಯ ಫೋಟೊ ನೋಡಿ ಅಮ್ಮ ಫೋನ್ ಮಾಡಿದಳು. "ಪುಟ್ಟೀ, ಐದು ವಾರ ಆಯ್ತಲ್ಲೇ, ಆ ಗಾಯ ಇನ್ನೂ ಒಣಗಿಲ್ವಾ? ನಿಮ್ಮ ತಾತಂಗೂ ಹೀಗೇ ಆಗಿತ್ತು, ಆಮೇಲೆ ನೋಡಿದ್ರೆ ಸಕ್ಕರೆ ಕಾಯಿಲೆ. ನಾಳೆನೇ ರಕ್ತ ಪರೀಕ್ಷೆ ಮಾಡಿಸು. ಎಲ್ಲಿ, ವಿಡಿಯೋ ಹಾಕು, ಬೆರಳು ತೋರ್ಸು."

"ತಡಿ ಅಮ್ಮಾ, ಚಾರ್ಜರ್ ಹಾಕ್ತೀನಿ" ಎಂದು ಎದ್ದೆ. ಬೆರಳಿನಲ್ಲಿ ಕೊಯ್ದ ಗೆರೆಯೂ ಉಳಿದಿಲ್ಲ. ಡ್ರಾಯರಿನಿಂದ ಹೊಸ ಪಟ್ಟಿ ತೆಗೆದು ಸುತ್ತಿಕೊಂಡು ಬಂದು ತೋರಿಸಿದೆ.

ಅಮ್ಮ ಮುಖ ಹತ್ತಿರ ತಂದು ನೋಡಿದಳು. "ತುಂಬಾ ನೋಯುತ್ತಾ?"

"ಹೂಂ" ಅಂದೆ. ಅಷ್ಟಕ್ಕೇ ಅಳು ಒತ್ತರಿಸಿಕೊಂಡು ಬಂತು, ತಡೆಯಲಾಗಲಿಲ್ಲ. ಅಮ್ಮ ಅಲ್ಲಿಂದಲೇ ಬೆರಳಿಗೆ ಉಫ್ ಉಫ್ ಎಂದು ಊದಿದಳು.

ಪಟ್ಟಿ ಇನ್ನೂ ಬಿಚ್ಚಿಲ್ಲ. ಪೆನ್ನು ಹಿಡಿಯಲು ತೊಡಕಾಗುತ್ತಿದೆ. ಇರಲಿ, ಅಮ್ಮ ಊದಿದ್ದು ಇದರ ಮೇಲೇ ತಾನೆ, ಬಿಚ್ಚಿದರೆ ಅದೂ ಹೋದೀತು.