ಸ್ಪಿನ್ನರ್ ಬೇಕಾ?

ವಿದ್ಯಾರಣ್ಯಪುರ
ಏಪ್ರಿಲ್ 2019

ಮುನೀಂದ್ರ ಭಾವನವರಿಗೆ ಬಾಲರಾಜ್ ಮಾಡುವ ನಮಸ್ಕಾರ.

ನೀವು ವಾಟ್ಸಾಪ್ ಗ್ರೂಪ್ ಬಿಟ್ಟಿರಿ, ನನ್ನ ಫೋನೂ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ನಿಜವಾದ ಆಟಗಾರರನ್ನು ಹಂಚಿಕೊಂಡು ಫೋನಿನಲ್ಲೇ ತಂಡ ಕಟ್ಟಿ ಆಡುವ ನಮ್ಮ ಮನೆಮಂದಿಯ ಆನ್‌ಲೈನ್ ಫ್ಯಾಂಟಸಿ ಕ್ರಿಕೆಟ್ ಲೀಗ್ ನಡೆಸುವವನು ನಾನು. ಸೀಸನ್ ಮಧ್ಯೆ ಯಾರನ್ನೂ ಹೋಗಲು ಬಿಟ್ಟವನಲ್ಲ. ಸೋಲುವವರು ಆಟ ಮರೆಯಬಾರದೆಂದೇ ಒಂದು ನಿಯಮ ಮಾಡಿದೆ: ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇಬ್ಬರೂ ಫೋನಿನಲ್ಲೇ ಮಾತಾಡಬೇಕು, ಮೆಸೇಜ್ ನಡೆಯದು. ಮಾತಿಗೆ ಸಿಕ್ಕಿದವರು ಆಟ ಬಿಡುವುದಿಲ್ಲ.

ನೀವು ಬಿಟ್ಟದ್ದು ಸೋತು ಅಲ್ಲ, ಗೊತ್ತು. ಬಾಗಲೂರಿನ ಹೊಸ ಮನೆಯ ಗೃಹಪ್ರವೇಶಕ್ಕೆ ಒಡಹುಟ್ಟಿದ ತಂಗಿಯನ್ನು ವಾಟ್ಸಾಪಿನಲ್ಲಿ ಕರೆದಿರಿ. "ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೀಲಿಲ್ಲ, ನಾನ್ಯಾಕ್ರೀ ಹೋಗ್ಲಿ?" ಎಂದು ನನ್ನ ಹೆಂಡತಿ ಆಶಾರಾಣಿ ಬರಲಿಲ್ಲ. ಆ ಸಿಟ್ಟಿಗೆ ನೀವು ಲೀಗನ್ನೇ ಬಿಟ್ಟಿರಿ. ನಾನು ನ್ಯಾಯ ಹೇಳುವುದಿಲ್ಲ; ನನಗೆ ಲೀಗ್ ನಡೆಯಬೇಕು.

ಈ ವಾರ ಆಶಾರಾಣಿಯ ತಂಡಕ್ಕೆ ಸ್ಪಿನ್ನರ್ ಬೇಕು. ನಿಮ್ಮ ತಂಡವನ್ನು ನಾನಿನ್ನೂ ತೆಗೆದಿಲ್ಲ, ಅದರಲ್ಲಿ ಇಬ್ಬರು ಸುಮ್ಮನೆ ಕೂತಿದ್ದಾರೆ. ನಿಮಗೆ ವಿಕೆಟ್ ಕೀಪರ್ ಇಲ್ಲ, ಅವಳಲ್ಲಿ ಹೆಚ್ಚಿಗೆ ಒಬ್ಬನಿದ್ದಾನೆ. ಶನಿವಾರ ಸಂಜೆಯೊಳಗೆ ಅವಳಿಗೆ ಫೋನ್ ಮಾಡಿ "ಸ್ಪಿನ್ನರ್ ಬೇಕಾ?" ಎಂದಷ್ಟೇ ಕೇಳಿ. ಗೃಹಪ್ರವೇಶದ ಮಾತು ನೀವು ಎತ್ತಬೇಡಿ. ಅವಳೇ ಎತ್ತುತ್ತಾಳೆ, ಬೈಸಿಕೊಳ್ಳಿ.

"ಅವನು ಮಾಡಿದ್ರೂ ನಾನು ಫೋನ್ ಎತ್ತಲ್ಲ" ಅಂದಿದ್ದಾಳೆ. ನಂಬಬೇಡಿ. ನಿನ್ನೆ ನನ್ನ ತಮ್ಮ ತಾನೇ ಅವಳಿಗೆ ಫೋನ್ ಮಾಡಿ, ತನ್ನ ಸ್ಪಿನ್ನರನ್ನು ಕೊಡುತ್ತೇನೆಂದ.

"ಬೇಡ ಕಣೋ, ನಮ್ಮಣ್ಣನ ಹತ್ರ ಇದಾನೆ" ಎಂದು ಇಟ್ಟುಬಿಟ್ಟಳು.

ನಿಮ್ಮ ಫೋನಿಗೆ ಕಾಯುವ,
ಬಾಲರಾಜ್