ಕಾಲುವೆಗೆ ನೀರು ಬಿಡುವ ಮೊದಲು

ಅಚ್ಯುತಣ್ಣಾ,

ನಿನ್ನ ಮೈನ್ಸ್ ಸರ್ವೆಯ ಜಿಪಿಎಸ್, ಸೈಕಲ್ ಎರಡೂ ಒಯ್ದಿದ್ದೇನೆ. ಬೈಗುಳ ಸಂಜೆಗಿರಲಿ.

ಖಾಲಿ ಕಾಲುವೆಯ ಕಲ್ಲುಸಂದಿಯಲ್ಲಿ ಗೆಳತಿಯರು ಜಿಯೋಕ್ಯಾಚಿಂಗ್ ಆಟಕ್ಕೆ, ಜಿಪಿಎಸ್ ಹಿಡಿದು ಹುಡುಕಲೆಂದು, ಬಚ್ಚಿಟ್ಟ ಡಬ್ಬಿ ಇದೆಯಲ್ಲ, ಹುಡುಕಿದವರು ಅದರೊಳಗಿನ ಪುಸ್ತಕದಲ್ಲಿ ಗುರುತು ಹಾಕಬೇಕು. ನಿನ್ನೆ ನಾನು ಶೋಕಿಗೆ ಅಜ್ಜನ ಶಂಖಮುದ್ರೆ ಒತ್ತಿ, ಆ ಅಚ್ಚನ್ನು ಡಬ್ಬಿಯಲ್ಲೇ ಬಿಟ್ಟು ಬಂದೆ! ಹತ್ತು ಗಂಟೆಗೆ ನೀರು ಬಿಡುತ್ತಾರಂತೆ.

ಮೈಮೇಲೆ ಗೋಪಿಚಂದನದ ಮುದ್ರೆ ಹಚ್ಚಿಕೊಳ್ಳದೆ ಅಜ್ಜ ಊಟಕ್ಕೆ ಕೂಡುವುದಿಲ್ಲ. ಸ್ನಾನ ಮುಗಿಸಿ "ಲೇ ಅಚ್ಯುತಾ, ನನ್ನ ಮುದ್ರಿ ಎಲ್ಲಿ ಒಗದೀರೋ?" ಎಂದು ಗುಡುಗಿದರೆ ಪೇಪರ್ ಓದಿ ಹೇಳು. ಅದಿರು ಲಾರಿಗಳ ಸುದ್ದಿ ಸಿಕ್ಕರೆ ಅರ್ಧ ಗಂಟೆ ಲಾರಿಯವರನ್ನೇ ಬೈಯುತ್ತಾರೆ.

ನೀರು ನನಗಿಂತ ಮೊದಲು ಬಂದಿದ್ದರೆ ನೀನು ಸುಳ್ಳು ಹೇಳಬೇಡ, ನಾನೇ ಹೇಳುತ್ತೇನೆ. ಅಜ್ಜ ಉಣ್ಣದಿದ್ದರೆ ಇವತ್ತು ನನಗೂ ಎಲೆ ಹಾಕುವುದು ಬೇಡ ಎಂದು ಅಮ್ಮನಿಗೆ ತಿಳಿಸು.

ಪ್ರಿಯಂವದಾ