ವರ್ಲಿನ್ ಕೊಯ್ಯುವ ಶನಿವಾರಗಳು

ಮೇ 12, ಸೋಮವಾರ

ಮತ್ತೆ ಬೋಲ್ಟ್‌ಗಳಿಗೆ ಎಣ್ಣೆ. ಮೂರು ಬಿಚ್ಚಿದವು. ಒಂದರ ತಲೆ ಮುರಿದು ಕೈಗೇ ಬಂತು. ಹತ್ತಿ ಕೂತು ಹುಲ್ಲು ಕೊಯ್ಯುವ ಅಪ್ಪನ ಮೊವರ್‌ನ ಹೊಟ್ಟೆಯಡಿಯಿಂದ, ಬ್ಲೇಡ್‌ಗಳಿರುವ ತಗಡಿನ ಡೆಕ್ ಇಳಿಸಿ ಗ್ಯಾರೇಜಿನಲ್ಲಿ ಅಂಗಾತ ಮಲಗಿಸಿದ್ದೇನೆ. ಒಳಗೆಲ್ಲ ಹೋದ ಅಕ್ಟೋಬರಿನ ಹುಲ್ಲು, ಹೆಪ್ಪುಗಟ್ಟಿ ಕೂತಿದೆ. ಅಪ್ಪ ಕೊನೆಯ ಸಲ ಕೊಯ್ದದ್ದು. ಕೆರೆದು ಬಕೆಟ್‌ಗೆ ಹಾಕಿದೆ. ಏನೂ ಅನಿಸಲಿಲ್ಲ. ಅನಿಸಬೇಕಿತ್ತು ಅಂತ ಮಾತ್ರ ಅನಿಸಿತು.

ಮಮ್ ಬಾಗಿಲಲ್ಲಿ ನಿಂತಳು. “ಆ ತುಕ್ಕಿನ ಜೊತೆ ಯಾಕೇ ಒದ್ದಾಡ್ತೀಯ? ತಿಂಗಳ ಕೊನೇಲಿ ಗುಜರಿಯವನಿಗೆ ಕೊಟ್ಬಿಡೋಣ. ಹೇಗೂ ವರ್ಲಿನ್ ಕೊಯ್ತಾನಲ್ಲ.”

ಅದೇ ತೊಂದರೆ. ಪಕ್ಕದ ಮನೆಯ ವರ್ಲಿನ್. ಏಪ್ರಿಲ್‌ನಲ್ಲಿ ಅಪ್ಪನನ್ನು ಮಣ್ಣು ಮಾಡಿದಾಗಿನಿಂದ ಪ್ರತಿ ಶನಿವಾರ ತನ್ನ ಅಂಗಳ ಮುಗಿಸಿ, ಬ್ಲೇಡ್ ನಿಲ್ಲಿಸದೆ, ನೇರ ನಮ್ಮದಕ್ಕೆ ಬರುತ್ತಾನೆ. ಕೇಳುವುದಿಲ್ಲ. ಸಾವಾದ ಮನೆಯ ಹುಲ್ಲನ್ನು ನೆರೆಯವರೇ ಕೊಯ್ಯುವುದು ಇಂಡಿಯಾನಾದ ಈ ಊರಿನ ರೂಢಿ — ಆ ಮನೆಯವರು ತಾವೇ ಮೊವರ್ ಹತ್ತುವ ತನಕ.

ನಾನು ಹತ್ತಬೇಕು. ಅಪ್ಪನ ಹುಲ್ಲು, ಅಪ್ಪನ ಮೊವರ್. ಬೇರೆ ಯಾರೂ ಬೇಡ.

ಮೇ 14, ಮಧ್ಯಾಹ್ನ

ವರ್ಲಿನ್ ಇಣುಕಿದ. “ಏನು ಪ್ರೊಫೆಸರಮ್ಮಾ, ಯೂನಿವರ್ಸಿಟೀಲಿ ಬೋಲ್ಟ್ ಮುರಿಯೋ ಕೋರ್ಸೂ ಇದೆಯಾ?”

“ಫಸ್ಟ್ ಇಯರ್‌ಗೆ ಇಷ್ಟೇ.”

“ಡ್ರಿಲ್ ತರ್ಲಾ?”

“ಬೇಡ.”

“ಸುತ್ತಿಗೆ? ಇಲ್ಲಾ ಅದಕ್ಕೆ ಕೊನೇ ಪ್ರಾರ್ಥನೆ ಹೇಳೋಕೆ ಪಾದ್ರಿ?”

ನಗಬೇಕಿತ್ತು. ಅವನು ಹೋದ ಮೇಲೆ ಗೊತ್ತಾಯಿತು.

ಚಿಕ್ಕವಳಿದ್ದಾಗ ಮಮ್ ಹಟ ಹಿಡಿದು ಕಳಿಸಿದ ಇಂಗ್ಲೆಂಡಿನ ಹಾಸ್ಟೆಲ್ ಶಾಲೆ ನನಗೆ ಲ್ಯಾಟಿನ್ ಕಲಿಸಿತು, ಹಾಸಿಗೆ ಬಿಗಿಯಾಗಿ ಮಡಿಸುವುದನ್ನು ಕಲಿಸಿತು. ಸ್ಪ್ಯಾನರ್ ಯಾವ ಕಡೆ ತಿರುಗಿಸಬೇಕೆಂದು ಫೋನ್ ನೋಡಿ ಕಲಿಯುತ್ತಿದ್ದೇನೆ. ಶುಕ್ರವಾರ ಯೂನಿವರ್ಸಿಟಿಯ ಗ್ರೇಡ್‌ಗಳು ಬರುತ್ತವೆ.

ಮೇ 20

ಡೆಕ್‌ನ ತುಕ್ಕಿನ ತೂತುಗಳಿಗೆ ತಗಡು. ಕಪ್ಪು ಪೇಂಟ್. ಹೊಸ ಬೋಲ್ಟ್, ಹೊಸ ಬೇರಿಂಗ್. ಬ್ಲೇಡ್ ಬಿಚ್ಚಿ ಒರೆಸಿ ಮತ್ತೆ ಹಾಕಿದ್ದೇನೆ. ಎರಡು ಕೋರ್ಸ್ ಫೇಲ್ — ಮಮ್‌ಗೆ ಹೇಳಿಲ್ಲ. ಶನಿವಾರ ವರ್ಲಿನ್ ಕೊಯ್ದ. ಪರದೆ ಎಳೆದುಕೊಂಡೆ.

ಮೇ 23, ಶುಕ್ರವಾರ

ಇವತ್ತೇ. ವರ್ಲಿನ್‌ಗಿಂತ ಮುಂಚೆ.

ಹತ್ತಿದೆ. ಡೆಕ್ ಇಳಿಸಿ ಬ್ಲೇಡ್ ಬಿಟ್ಟೆ. ಸದ್ದು ಸರಿಯಾಗಿಯೇ ಇತ್ತು. ಒಂದು ಸಾಲು ಹೋಗಿ ತಿರುಗಿ ನೋಡಿದರೆ ಹುಲ್ಲು ಮಲಗಿದೆ. ನೋಡುತ್ತಿದ್ದಂತೆ ಮೆಲ್ಲಗೆ ಎದ್ದು ನಿಂತಿತು. ಇನ್ನೊಂದು ಸಾಲು. ಅದೂ ಎದ್ದಿತು.

ವರ್ಲಿನ್ ತನ್ನ ಮೆಟ್ಟಿಲ ಮೇಲೆ ಕೂತಿದ್ದ. ನೋಡಿದ. ಎದ್ದು ಒಳಗೆ ಹೋದ.

ಮಮ್: “ಹುಲ್ಲಿಗೆ ಚೆನ್ನಾಗಿ ತಲೆ ಬಾಚಿದ್ದೀಯ ಬಿಡು. ಜಡೆ ಯಾವಾಗ ಹಾಕ್ತೀಯ?”

ಏಪ್ರಿಲ್‌ನಿಂದೀಚೆಗೆ ಅವಳು ನಕ್ಕದ್ದು ಇದೇ ಮೊದಲು. ನನಗೆ ನಗು ಬರಲಿಲ್ಲ.

ಮೇ 24, ಶನಿವಾರ

ವರ್ಲಿನ್ ತನ್ನದನ್ನು ಕೊಯ್ದ. ಎರಡು ಅಂಗಳ ಸೇರುವಲ್ಲಿಗೆ ಬಂದ. ತಿರುಗಿಸಿಕೊಂಡು ವಾಪಸ್ ಹೋದ.

ಹೋಗಿ ಕೇಳಿದೆ. “ನಮ್ಮ ಕಡೆ ಯಾಕೆ ಬರ್ಲಿಲ್ಲ?”

“ಯಾಕೆ ಬರ್ಲಿ? ಆ ಮನೇಲಿ ಕೊಯ್ಯೋರು ಇದ್ದಾರೆ.”

“ನಾನೆಲ್ಲಿ ಕೊಯ್ದೆ?”

“ಹತ್ತಿದ್ಯಲ್ಲ, ಸಾಕು. ಬ್ಲೇಡ್‌ಗಳನ್ನ ತಲೆಕೆಳಗು ಹಾಕಿದ್ದೀಯ, ಅಷ್ಟೇ ಕಣಮ್ಮ. ಈ ರೋಡಲ್ಲಿ ಒಂದ್ಸಲನಾದ್ರೂ ಹಾಗೆ ಹಾಕದೇ ಇರೋನನ್ನ ತೋರಿಸು, ನನ್ನ ಮೊವರ್ ನಿಂಗೆ.”

ಮೇ 26, ಸೋಮವಾರ, ಸಂಜೆ

ಬ್ಲೇಡ್ ತಿರುಗಿಸಿ ಹಾಕಿದೆ. ಕೊಯ್ಯಿತು. ಇಂಡಿಯಾನಾದ ಮೇ ತಿಂಗಳ ಹುಲ್ಲು, ದಪ್ಪ, ಒದ್ದೆ... ಆದರೂ ಕೊಯ್ಯಿತು. ಪೂರ್ತಿ ಅಂಗಳ. ಮಮ್ ಗುಜರಿಯವನಿಗೆ ಫೋನ್ ಮಾಡಿ ಬೇಡ ಅಂದಳು.

ಬೇಕಾದದ್ದೆಲ್ಲ ಆಯಿತು. ಎಂಜಿನ್ ಆಫ್ ಮಾಡಿ ಅದರ ಮೇಲೆಯೇ ಕೂತಿದ್ದೆ. ಮುಂದಿನ ಶನಿವಾರ ವರ್ಲಿನ್ ಬರುವುದಿಲ್ಲ. ಅದರ ಮುಂದಿನದೂ. ಅವನು ಬರುತ್ತಿದ್ದಷ್ಟು ದಿನ ಅಪ್ಪ ಎಲ್ಲೋ ಹೋಗಿದ್ದಾನೆ, ವಾಪಸ್ ಬರುವ ತನಕ ಯಾರೋ ನೋಡಿಕೊಳ್ಳುತ್ತಿದ್ದಾರೆ, ಅಷ್ಟೇ... ಅಂತ ಮನಸ್ಸಿನಲ್ಲಿ ಇತ್ತೇನೋ. ನನಗೇ ಗೊತ್ತಿರಲಿಲ್ಲ.

ಇನ್ನು ಇಲ್ಲಿ ಕೊಯ್ಯುವವಳು ನಾನು. ಅಂದರೆ ಅಪ್ಪ —